ಅಪ್ಪನ ಕ್ಯಾಮೆರಾಗೆ ರೀಲು ಹಾಕಿಸಲಾ, ಡಿಜಿಟಲ್ ಕೊಳ್ಳಲಾ?

ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ನೆಂಟರಿಷ್ಟರಲ್ಲಿ ಫೋಟೋ ಹುಚ್ಚು ಹಿಡಿದವನು ನಾನೊಬ್ಬನೇ, ಅದಕ್ಕೆ. "ಬೀರು ಖಾಲಿ ಮಾಡುವಾಗ ಅಪ್ಪನ ಯಾಶಿಕಾ ಸಿಕ್ಕಿತು ಕಣೋ. ಅದಕ್ಕೇ ರೀಲು ಹಾಕಿಸಿ, ತೆಗೆದಿದ್ದನ್ನ ಸ್ಕ್ಯಾನ್ ಮಾಡಿಸಿಕೊಂಡರೆ ಸಾಕಾ? ಇಲ್ಲ ಡಿಜಿಟಲ್ ಕ್ಯಾಮೆರಾನೇ ತಗೊಳ್ಳಲಾ?" ಹೀಗೆ ಕೇಳಿದವರಿಗೆ ನಾನೂ ಒಂದು ಪ್ರಶ್ನೆ ಹಾಕುತ್ತೇನೆ. ಬೀರುವಿನಲ್ಲಿ ಕ್ಯಾಮೆರಾ ಒಂದೇ ಸಿಕ್ಕಿತಾ, ನೆಗೆಟಿವ್‌ಗಳೂ ಸಿಕ್ಕವಾ?

ಏಕೆಂದರೆ ಇಲ್ಲಿ ಎರಡು ಕೆಲಸ ಇವೆ. ಇನ್ನು ಮುಂದೆ ತೆಗೆಯುವ ಫೋಟೋಗೆ ಏನು ಬಳಸೋದು ಅನ್ನುವುದು ಒಂದು. ಮೂವತ್ತು ನಲವತ್ತು ವರ್ಷದ ಹಿಂದೆ ತೆಗೆದಿದ್ದನ್ನು ಕಂಪ್ಯೂಟರಿಗೆ ಇಳಿಸೋದು ಹೇಗೆ ಅನ್ನುವುದು ಇನ್ನೊಂದು. ಎರಡನ್ನೂ ಕಲಸಿಕೊಂಡವರು ಒಂದೋ ಬೇಡದ ಸ್ಕ್ಯಾನರ್ ಕೊಳ್ಳುತ್ತಾರೆ, ಇಲ್ಲವೇ ಕೈಯಲ್ಲಿರುವ ನೆಗೆಟಿವ್‌ಗಳನ್ನು ಮರೆತೇಬಿಡುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಡಿಜಿಟಲ್ ಕ್ಯಾಮೆರಾ ತಗೊಳ್ಳಿ, ಅದಕ್ಕೆ ಮೊದಲ ಕೆಲಸವಾಗಿ ಹಳೇ ನೆಗೆಟಿವ್‌ಗಳನ್ನು ಕೊಡಿ. ಎಲ್ಲರಿಗೂ ಇದು ಹೊಂದುವುದಿಲ್ಲ. ಯಾರಿಗೆ ಹೊಂದುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ಹೊಸ ಫೋಟೋಗೆ ಯಾವುದು

ಕ್ಯಾಮೆರಾ ಹೇಗೂ ಮನೆಯಲ್ಲೇ ಇದೆಯಲ್ಲ, ಖರ್ಚೇನು ಅನಿಸುತ್ತದೆ. ಕ್ಯಾಮೆರಾ ಪುಕ್ಕಟೆ, ಫೋಟೋ ಪುಕ್ಕಟೆ ಅಲ್ಲ. ಒಂದು ಕಲರ್ ರೋಲು ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಈಗ ಸಾವಿರ ರೂಪಾಯಿ ದಾಟುತ್ತದೆ. ರೋಲಿಗೆ 36 ಫೋಟೋ. ಅಂದರೆ ಒಂದು ಕ್ಲಿಕ್ಕಿಗೆ ಏನಿಲ್ಲವೆಂದರೂ 28 ರೂಪಾಯಿ. ಅತ್ತೆ ಕಣ್ಣು ಮುಚ್ಚಿಕೊಂಡ ಫೋಟೋಗೂ ಅಷ್ಟೇ ದುಡ್ಡು.

ಇನ್ನು ತೊಳೆಸುವುದು ಎಲ್ಲಿ? ಕಲರ್ ನೆಗೆಟಿವ್ ತೊಳೆಯುವ ವಿಧಾನಕ್ಕೆ ಸಿ-41 ಅನ್ನುತ್ತಾರೆ. ಡೆವಲಪರ್ ಸರಿಯಾಗಿ 37.8 ಡಿಗ್ರಿ ಬಿಸಿ ಇರಬೇಕು. ಕಲಸಿಟ್ಟ ಕೆಮಿಕಲ್ ತಾನಾಗಿಯೇ ಹಳಸುತ್ತದೆ. ರೋಲುಗಳು ಬರುತ್ತಲೇ ಇದ್ದರೆ ಮಾತ್ರ ಲ್ಯಾಬಿನವರಿಗೆ ಗಿಟ್ಟುತ್ತದೆ. ಅದಕ್ಕೇ ತಾಲೂಕು ಊರುಗಳಲ್ಲಿ ಈ ಕೆಲಸ ಮೊದಲು ನಿಂತಿತು. ನಾನಂತೂ ರೋಲನ್ನು ಬೆಂಗಳೂರಿಗೆ ಕೊರಿಯರ್ ಮಾಡುತ್ತೇನೆ. ಫೋಟೋ ನೋಡುವಷ್ಟರಲ್ಲಿ ಎರಡು ವಾರ.

ಹಳೇ ಕ್ಯಾಮೆರಾದ ಆರೋಗ್ಯವನ್ನೂ ನೋಡಬೇಕು. ಹಿಂದಿನ ಬಾಗಿಲು ತೆರೆದು, ಅಂಚಿನ ಸಂದಿನಲ್ಲಿರುವ ಕಪ್ಪು ಸ್ಪಂಜನ್ನು ಉಗುರಿನಿಂದ ಮುಟ್ಟಿ. ಬೆರಳಿಗೆ ಡಾಂಬರಿನ ಹಾಗೆ ಅಂಟಿಕೊಂಡರೆ ಅದು ಕರಗಿದೆ ಎಂದರ್ಥ. ಅಲ್ಲಿಂದ ಬೆಳಕು ಒಳಗೆ ಸೋರಿ ಫೋಟೋ ಮೇಲೆ ಕಿತ್ತಳೆ ಬಣ್ಣದ ಪಟ್ಟೆ ಬರುತ್ತದೆ. ಆಮೇಲೆ ಲೆನ್ಸಿಗೆ ಟಾರ್ಚ್ ಬಿಡಿ. ಒಳಗೆ ಜೇಡರ ಬಲೆಯಂಥ ಗೆರೆ ಕಂಡರೆ ಬೂಷ್ಟು. ಮಲೆನಾಡು, ಕರಾವಳಿಯ ಕಡೆ ಇದು ತೀರಾ ಮಾಮೂಲಿ. ಕೆಲವು ಹಳೇ ಕ್ಯಾಮೆರಾಗಳ ಬೆಳಕಿನ ಮೀಟರು ಪಾದರಸದ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಆ ಬ್ಯಾಟರಿ ಈಗ ತಯಾರಾಗುವುದಿಲ್ಲ, ಬದಲಿ ಹುಡುಕಬೇಕು.

ಇಷ್ಟೆಲ್ಲ ಆಗಿ ಕೊನೆಗೆ ಕೈಗೆ ಬರುವುದು ಏನು? ಲ್ಯಾಬಿನವರು ಕಳಿಸಿದ ಜೆಪೆಗ್ ಫೈಲು! ಫಿಲ್ಮಿನ ಬಣ್ಣ ಅಂತ ನಾವು ಮೆಚ್ಚಿಕೊಳ್ಳುವುದರಲ್ಲಿ ಅರ್ಧ ಪಾಲು ಸ್ಕ್ಯಾನರಿನದು. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಯೂಜಿಯ ಫ್ರಾಂಟಿಯರ್ ಇಲ್ಲವೇ ನೊರಿತ್ಸು ಯಂತ್ರ. ಒಂದೇ ನೆಗೆಟಿವನ್ನು ಎರಡರಲ್ಲೂ ಹಾಕಿಸಿ ನೋಡಿ. ಒಂದರಲ್ಲಿ ಮುಖ ಕೆಂಪಗೆ, ಇನ್ನೊಂದರಲ್ಲಿ ಹಳದಿ ಕಡೆಗೆ ವಾಲಿರುತ್ತದೆ. ಯಂತ್ರದ ಮುಂದೆ ಕೂತವನ ಕಣ್ಣೂ ಅದರಲ್ಲಿ ಸೇರಿರುತ್ತದೆ.

ಹಾಗಾದರೆ ಫಿಲ್ಮ್ ಸುಮ್ನೆ ಶೋಕಿಯಾ? ಪೂರ್ತಿ ಹಾಗಲ್ಲ. ಕಲರ್ ನೆಗೆಟಿವ್‌ಗೆ ಬೆಳಕು ಸ್ವಲ್ಪ ಜಾಸ್ತಿ ಬಿದ್ದರೂ ತಡೆದುಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಪಂಚೆ ಉಟ್ಟವರ ಫೋಟೋ ತೆಗೆದರೆ ಪಂಚೆಯ ಮಡಿಕೆ ಉಳಿಯುತ್ತದೆ. ಡಿಜಿಟಲ್‌ನಲ್ಲಿ ಅದೇ ಪಂಚೆ ಒಮ್ಮೆ ಸುಣ್ಣದಂತೆ ಬೆಳ್ಳಗಾಯಿತೋ, ವಾಪಸ್ ತರುವುದಕ್ಕೆ ಆಗುವುದಿಲ್ಲ. ನೆರಳಿನ ವಿಷಯದಲ್ಲಿ ಇದು ತಿರುಗುಮುರುಗು. ಕತ್ತಲೆಯಲ್ಲಿ ಅಡಗಿದ್ದನ್ನು ಡಿಜಿಟಲ್ ಫೈಲಿನಿಂದ ಎಷ್ಟೋ ಎಳೆದು ತೆಗೆಯಬಹುದು, ಬೆಳಕು ಕಮ್ಮಿ ಬಿದ್ದ ಫಿಲ್ಮಿನಿಂದ ಆಗದು.

ನಾನು ವರ್ಷಕ್ಕೆ ಎರಡು ರೋಲು ಸುಡುತ್ತೇನೆ, ಖುಷಿಗೆ. ಓಡುವ ಮಗು, ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿ, ಟ್ಯೂಬ್‌ಲೈಟಿನ ಮದುವೆ ಛತ್ರ ಇವುಗಳಿಗೆ ಡಿಜಿಟಲ್ಲೇ. ಫಿಲ್ಮಿನ ಐಎಸ್‌ಒ, ಅಂದರೆ ಬೆಳಕನ್ನು ಹಿಡಿಯುವ ಚುರುಕು, ರೋಲು ಹಾಕಿದಾಗಲೇ ನಿಗದಿ. 200ರ ರೋಲು ಹಾಕಿದ್ದರೆ ಕತ್ತಲಾದ ಮೇಲೂ 200. ಡಿಜಿಟಲ್‌ನಲ್ಲಿ ಗಾಲಿ ತಿರುಗಿಸಿ 3200ಕ್ಕೆ ಹೋಗಬಹುದು. ಈ ಭಾಗದಲ್ಲಿ ಇದಕ್ಕಿಂತ ಹೆಚ್ಚು ಯೋಚನೆ ಬೇಡ.

ಹಳೇ ನೆಗೆಟಿವ್‌ಗಳ ವಿಷಯ

ನಿಜವಾದ ತಲೆನೋವು ಇದು. ಮೊದಲು ಮನೆಯಲ್ಲಿ ಏನೇನಿದೆ ನೋಡಿಕೊಳ್ಳಿ.

ನಮ್ಮ ಕಡೆಯ ಮನೆಗಳಲ್ಲಿ ಜಾಸ್ತಿ ಸಿಗುವುದು ಎರಡು ಬಗೆ. ಒಂದು, ಚೌಕಾಕಾರದ ದೊಡ್ಡ ಕಪ್ಪು-ಬಿಳುಪು ನೆಗೆಟಿವ್. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಥ್ರೀ ನೆನಪಿದೆಯಾ? ಆ ಡಬ್ಬ ಕ್ಯಾಮೆರಾದ್ದು. 120 ರೋಲು, 12 ಫೋಟೋ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ರೋಲುಗಳೂ ಆ ಕಾಲದವು. ಎರಡನೆಯದು, ಅಂಚಿನಲ್ಲಿ ತೂತು ಸಾಲು ಇರುವ 35 ಎಂಎಂ ಕಲರ್ ನೆಗೆಟಿವ್, ಕಂದು-ಕಿತ್ತಳೆ ಬಣ್ಣದ್ದು. ಯಾಶಿಕಾ, ಆಮೇಲೆ ಬಂದ ಕೊಡಾಕ್ ಕೆಬಿ10, ಮದುವೆ ಫೋಟೋಗ್ರಾಫರು ಕೊಟ್ಟವು, ಎಲ್ಲ ಇದೇ. ಇವು ಇರುವ ಜಾಗ ಆಲ್ಬಮ್ಮಿನ ಕೊನೆಯ ಪ್ಲಾಸ್ಟಿಕ್ ಜೇಬು. ಅಲ್ಲೇ ಅಂಟಿಕೊಂಡೂ ಇರುತ್ತವೆ. ಜೋರಾಗಿ ಎಳೆಯಬೇಡಿ.

ತೆಗೆದವನ್ನು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಹಾಳೆ ಕೊಳೆಯುತ್ತಿದೆ. ಅಂಥದ್ದನ್ನು ಬೇರೆ ಇಟ್ಟು, ಮೊದಲು ಅದನ್ನೇ ಸ್ಕ್ಯಾನ್ ಮಾಡಿ. ಅದು ಕಾಯುವುದಿಲ್ಲ.

ಯಾವುದರಲ್ಲಿ ಯಾರಿದ್ದಾರೆ ಅಂತ ಗೊತ್ತಾಗುತ್ತಿಲ್ಲವಾ? ಟ್ಯಾಬ್ ಅಥವಾ ಲ್ಯಾಪ್‌ಟಾಪಿನ ಬಿಳಿ ಸ್ಕ್ರೀನ್ ಮುಂದೆ ನೆಗೆಟಿವ್ ಹಿಡಿಯಿರಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಣ್ಣ ತಿರುಗುಮುರುಗು ಮಾಡುವ ಆಯ್ಕೆ ಇರುತ್ತದೆ. ಅದನ್ನು ಹಾಕಿ ಕ್ಯಾಮೆರಾ ತೆರೆದರೆ ಅಜ್ಜಿಯ ಮುಖ ನೇರವಾಗಿ ಕಾಣುತ್ತದೆ. ಆರಿಸುವುದಕ್ಕೆ, ಮನೆಯವರಿಗೆ ತೋರಿಸಿ "ಇವರು ಯಾರು" ಅಂತ ಕೇಳುವುದಕ್ಕೆ ಇಷ್ಟು ಸಾಕು. ಇಡುವುದಕ್ಕೆ ಸಾಲದು.

ಬರೀ ಪ್ರಿಂಟ್ ಉಳಿದು ನೆಗೆಟಿವ್ ಕಳೆದುಹೋಗಿದ್ದರೆ ಕೆಲಸ ಸುಲಭ. ಆಫೀಸಿನ ಮಾಮೂಲಿ ಸ್ಕ್ಯಾನರಿನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಡಿ. 4×6 ಇಂಚಿನ ಮ್ಯಾಕ್ಸಿ ಪ್ರಿಂಟಿನಿಂದ 3600×2400, ಅಂದರೆ 8.6 ಮೆಗಾಪಿಕ್ಸೆಲ್ ಬರುತ್ತದೆ. ಪ್ರಿಂಟಿನಲ್ಲಿ ಅದಕ್ಕಿಂತ ಹೆಚ್ಚು ವಿವರ ಇರುವುದೂ ಇಲ್ಲ. ಒಂದೇ ತೊಡಕು ಸಿಲ್ಕ್ ಪ್ರಿಂಟಿನದು, ಮೈಮೇಲೆ ಸಣ್ಣ ಸಣ್ಣ ಉಬ್ಬು ಇರುತ್ತದಲ್ಲ, ಅದು. ಸ್ಕ್ಯಾನರಿನ ಬೆಳಕಿಗೆ ಪ್ರತಿ ಉಬ್ಬೂ ಮಿನುಗಿ ಮುಖದ ತುಂಬ ಚುಕ್ಕಿ ಬೀಳುತ್ತದೆ. ಅದನ್ನು ಕ್ಯಾಮೆರಾದಲ್ಲೇ ತೆಗೆಯಬೇಕು, ಎರಡೂ ಬದಿಯಿಂದ ಓರೆಯಾಗಿ ಬೆಳಕು ಕೊಟ್ಟು.

ಅದೇ ಆಫೀಸ್ ಸ್ಕ್ಯಾನರಿನಲ್ಲಿ ನೆಗೆಟಿವ್ ಇಟ್ಟು ಕಪ್ಪು ಚೌಕ ಪಡೆದವರು ಬಹಳ ಜನ. ಫಿಲ್ಮಿಗೆ ಬೆಳಕು ಹಿಂದಿನಿಂದ ಹಾದು ಬರಬೇಕು. ಮುಚ್ಚಳದಲ್ಲೇ ದೀಪ ಇರುವ ಫ್ಲ್ಯಾಟ್‌ಬೆಡ್ (ಗಾಜಿನ ಮೇಲೆ ಇಟ್ಟು ಮಾಡುವ ಸ್ಕ್ಯಾನರ್) ಬೇರೆ ಸಿಗುತ್ತದೆ. ಎಪ್ಸನ್ ವಿ600 ಆ ಜಾತಿಯದು.

ಬಸ್ಸಿನ ಬೋರ್ಡು

ಇಲ್ಲೊಂದು ನನ್ನ ಮನೆಯ ಉದಾಹರಣೆ. ಅಪ್ಪ ತೆಗೆದ ಕಲರ್ ಫೋಟೋ. ಅಮ್ಮ, ಅಕ್ಕ, ಎರಡು ಟ್ರಂಕು, ಹಿಂದೆ ಒಂದು ಬಸ್ಸು. ಶೃಂಗೇರಿಗೆ ಹೋದಾಗಿನದು ಅಂತ ಅಮ್ಮ. ಅಲ್ಲ, ದೊಡ್ಡಪ್ಪನ ಗೃಹಪ್ರವೇಶಕ್ಕೆ ಹೋದಾಗಿನದು ಅಂತ ಅಪ್ಪ. ಬಸ್ಸಿನ ಹಣೆಯ ಮೇಲೆ ಊರಿನ ಬೋರ್ಡು ಇದೆ, ಆದರೆ ಪ್ರಿಂಟಿನಲ್ಲಿ ಅದು ಅಕ್ಕಿಕಾಳಿನಷ್ಟು.

ಮೊದಲು ಗೆಳೆಯನ ಫ್ಲ್ಯಾಟ್‌ಬೆಡ್ಡಿನಲ್ಲಿ ಹಾಕಿದೆ. ಇಂಥ ಯಂತ್ರಗಳ ಡಬ್ಬದ ಮೇಲೆ 6400 ಡಿಪಿಐ ಅಂತ ಇರುತ್ತದೆ. ಅದು ಕೊಂಚ ರೀಲು ಬಿಡುವ ಲೆಕ್ಕ! ಫೈಲು ಅಷ್ಟು ದೊಡ್ಡದು ಬರುತ್ತದೆ ನಿಜ, ಅದರಲ್ಲಿರುವ ವಿವರ ಅರ್ಧದಷ್ಟೂ ಇರುವುದಿಲ್ಲ. 1500 ಡಿಪಿಐಯಷ್ಟು ಅಸಲಿ ವಿವರ ಸಿಕ್ಕಿತು ಅಂದುಕೊಳ್ಳಿ. 35 ಎಂಎಂ ಚೌಕಟ್ಟಿನ ಅಳತೆ 36×24 ಮಿಲಿಮೀಟರ್. ಲೆಕ್ಕ ಹಾಕಿದರೆ ಸುಮಾರು 3 ಮೆಗಾಪಿಕ್ಸೆಲ್. ಮ್ಯಾಕ್ಸಿ ಪ್ರಿಂಟಿಗೆ ಬೇಕಾದಷ್ಟಾಯಿತು. ಬೋರ್ಡು ಓದುವುದಕ್ಕೆ ಸಾಲಲಿಲ್ಲ. ಕೊನೆಯ ಅಕ್ಷರಗಳು ಮಾತ್ರ ಕಂಡವು: "ಹಳ್ಳಿ". ಕರ್ನಾಟಕದಲ್ಲಿ ಹಳ್ಳಿ ಅಂತ ಮುಗಿಯುವ ಊರು ಎಷ್ಟು ಸಾವಿರವೋ.

ಆಮೇಲೆ ಅದೇ ನೆಗೆಟಿವನ್ನು ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ಹಾಕಿ ತೆಗೆದೆ. ಉದ್ದಕ್ಕೆ 6000 ಪಿಕ್ಸೆಲ್. 36 ಮಿಲಿಮೀಟರಿಗೆ ಹಂಚಿದರೆ 4200 ಡಿಪಿಐ ಮೇಲಾಯಿತು. ಫಿಲ್ಮಿನ ಕಾಳು ಕಾಳು ಎದ್ದು ಕಾಣುತ್ತಿತ್ತು, ಅದರ ನಡುವೆ ಬಿಳಿ ಅಕ್ಷರದಲ್ಲಿ "ತೀರ್ಥಹಳ್ಳಿ". ದೊಡ್ಡಪ್ಪನ ಮನೆ ಇರುವುದು ತೀರ್ಥಹಳ್ಳಿಯಲ್ಲಿ. ಶೃಂಗೇರಿಗೆ ಹೋಗುವಾಗ ಬಸ್ ಬದಲಾಯಿಸಿದ್ದೂ ತೀರ್ಥಹಳ್ಳಿಯಲ್ಲೇ ಅಂತ ಅಮ್ಮ.

ಜಗಳ ಬಗೆಹರಿಯಲಿಲ್ಲ, ಯಾವ ದಾರಿ ಒಳ್ಳೆಯದು ಅನ್ನುವುದು ನನಗೆ ಬಗೆಹರಿಯಿತು. ಹಾಗಂತ ಎಲ್ಲ ನೆಗೆಟಿವ್‌ನಲ್ಲೂ ಇಷ್ಟು ವಿವರ ಇರುತ್ತದೆ ಅಂದುಕೊಳ್ಳಬೇಡಿ. ಯಾಶಿಕಾದ ಲೆನ್ಸ್ ಚೆನ್ನಾಗಿತ್ತು, ಅಪ್ಪ ಫೋಕಸ್ ಸರಿಯಾಗಿ ಹಿಡಿದಿದ್ದರು. ಕೆಬಿ10ರ ಫೋಟೋವನ್ನು ಇದೇ ರೀತಿ ತೆಗೆದಾಗ ಕಾಳು ಬಿಟ್ಟರೆ ಬೇರೇನೂ ಹೆಚ್ಚಿಗೆ ಸಿಗಲಿಲ್ಲ.

ಕ್ಯಾಮೆರಾದಿಂದ ಸ್ಕ್ಯಾನ್ ಮಾಡುವುದು

ಬೇಕಾದ್ದು ಇಷ್ಟು: ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಕೆಳಗಿನಿಂದ ಸಮನಾದ ಬಿಳಿ ಬೆಳಕು, ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುವ ಹೋಲ್ಡರ್, ಅಲುಗದ ಸ್ಟ್ಯಾಂಡ್. ಹೊಸ ಕ್ಯಾಮೆರಾನೇ ಬೇಕೆಂದಿಲ್ಲ. 2013ರ ನಿಕಾನ್ ಡಿ5300ರಲ್ಲೇ 24 ಮೆಗಾಪಿಕ್ಸೆಲ್ ಇದೆ, ಸೆಕೆಂಡ್ ಹ್ಯಾಂಡಿನಲ್ಲಿ ಅಂಥವು ಬೇಕಾದಷ್ಟು ಸಿಗುತ್ತವೆ. ಕ್ಯಾಮೆರಾ ಹಳತಾದರೂ ಪರವಾಗಿಲ್ಲ, ಲೆನ್ಸಿನಲ್ಲಿ ಜಿಪುಣತನ ಬೇಡ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿಗೆ, ಹತ್ತಿರದಿಂದ ತೆಗೆಯಲು ನಡುವೆ ಹಾಕುವ ಟ್ಯೂಬ್ ಸೇರಿಸಿ ತೆಗೆದರೆ ಮಧ್ಯ ಚೂಪಾಗಿ, ಮೂಲೆಗಳು ಮಸುಕಾಗಿ ಬರುತ್ತವೆ. ಕೈಯಲ್ಲಿ ಫೋಕಸ್ ಮಾಡುವ ಹಳೇ 55 ಎಂಎಂ ಮೈಕ್ರೋ-ನಿಕ್ಕೋರ್ ತರಹದ್ದು, ಅದಕ್ಕೆಂದೇ ಮಾಡಿದ ಟ್ಯೂಬಿನ ಜೊತೆ, ಸಾಕು, ಆಟೋಫೋಕಸ್ ಇಲ್ಲಿ ಬೇಕಾಗುವುದೇ ಇಲ್ಲ.

ಸ್ಟ್ಯಾಂಡಿಗೆ ನಾನು ಬಳಸುವುದು ಎನ್‌ಲಾರ್ಜರಿನ ಕಂಬ. ನಮ್ಮೂರಿನ ಸ್ಟುಡಿಯೋ ಒಂದರವರು ಡಾರ್ಕ್‌ರೂಮ್ ತೆಗೆದು ಜೆರಾಕ್ಸ್ ಮಶೀನ್ ಇಡುವಾಗ ಅದು ಗುಜರಿಗೆ ಹೊರಟಿತ್ತು. ನೆಗೆಟಿವಿಗೆ ಬೆಳಕು ಹಾಯಿಸಿ ಫೋಟೋ ಮಾಡಲೆಂದೇ ಹುಟ್ಟಿದ ಕಂಬ, ಈಗಲೂ ಅದೇ ಕೆಲಸ ಮಾಡುತ್ತಿದೆ.

ಬೆಳಕಿಗೆ ಎಲ್‌ಇಡಿ ಪ್ಯಾಡ್ ಕೊಳ್ಳುವಾಗ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕಿ) 95ಕ್ಕಿಂತ ಮೇಲಿರಲಿ, ಇಲ್ಲದಿದ್ದರೆ ಚರ್ಮದ ಬಣ್ಣ ಹೆಣದಂತೆ ಬರುತ್ತದೆ. ತುರ್ತಿಗೆ ಟ್ಯಾಬ್ ಸ್ಕ್ರೀನ್ ಆಗುತ್ತದೆ, ಫಿಲ್ಮನ್ನು ಅದರ ಮೇಲೇ ಇಡಬೇಡಿ. ಎರಡು ಮೂರು ಇಂಚು ಎತ್ತರದಲ್ಲಿ ಹಿಡಿಯಿರಿ. ಇಲ್ಲವಾದರೆ ಸ್ಕ್ರೀನಿನ ಚುಕ್ಕಿಗಳೂ ಫೋಟೋದಲ್ಲಿ ಮೂಡುತ್ತವೆ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ಭಾನುವಾರ ಹುರುಪಿನಲ್ಲಿ ಮೂರು ರೋಲು ಮುಗಿಸಿದೆ. ರಾತ್ರಿ ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲದರಲ್ಲೂ ಎಡಗಡೆಯವರು ಚೆನ್ನಾಗಿದ್ದಾರೆ, ಬಲಗಡೆಯವರು ಮಂಜಿನಲ್ಲಿದ್ದಾರೆ. ಕ್ಯಾಮೆರಾ ಕೂದಲೆಳೆಯಷ್ಟು ವಾಲಿತ್ತು. ಇಷ್ಟು ಹತ್ತಿರದಲ್ಲಿ ಅಷ್ಟು ಸಾಕು. ಇದಕ್ಕೆ ಮದ್ದು ಒಂದು ಚಿಕ್ಕ ಕನ್ನಡಿ. ಫಿಲ್ಮ್ ಇಡುವ ಜಾಗದಲ್ಲಿ ಕನ್ನಡಿ ಇಟ್ಟು ಕ್ಯಾಮೆರಾದಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಟ್ಟನಡುವೆ ಕಂಡರೆ ಎರಡೂ ಸಮ. ಆಮೇಲೆ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 8, ರಾ ಫೈಲು (ಕ್ಯಾಮೆರಾ ತಿದ್ದದೆ ಕೊಡುವ ಕಚ್ಚಾ ಫೈಲು), ಎರಡು ಸೆಕೆಂಡ್ ಟೈಮರ್, ರೂಮಿನ ದೀಪ ಬಂದ್. ಕೈ ಪಳಗಿದ ಮೇಲೆ ಒಂದು ರೋಲು ಕಾಲು ಗಂಟೆಯ ಕೆಲಸ.

ಕೆಲಸ ಇರುವುದು ಅದರ ನಂತರ. ಕಪ್ಪು-ಬಿಳುಪು ತಿರುಗಿಸುವುದು ಸಲೀಸು. ಕಲರ್ ನೆಗೆಟಿವಿನ ಕಿತ್ತಳೆ ಪೊರೆಯನ್ನು ಕಳೆದು ಬಣ್ಣ ಸರಿಮಾಡುವುದಕ್ಕೆ ತಾಳ್ಮೆ ಬೇಕು. ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಇದ್ದವರಿಗೆ ಅದರೊಳಗೆ ಸೇರಿಸುವ ನೆಗೆಟಿವ್ ಲ್ಯಾಬ್ ಪ್ರೋ ಇದೆ, ಅದಕ್ಕೆ ದುಡ್ಡು. ಅಂಥದೇ ಸಾಫ್ಟ್‌ವೇರ್ ಡಾರ್ಕ್‌ಟೇಬಲ್‌ನಲ್ಲಿರುವ ನೆಗಡಾಕ್ಟರ್ ಪುಕ್ಕಟೆ, ಕಲಿಯಲು ಕೊಂಚ ಒದ್ದಾಡಬೇಕು. ಈ ಒಂದು ವಿಷಯದಲ್ಲಿ ಸ್ಕ್ಯಾನರ್‌ಗಳೇ ಮೇಲು, ಬಣ್ಣ ತಿರುಗಿಸಿಯೇ ಕೊಡುತ್ತವೆ.

ಧೂಳಿನ ವಿಷಯದಲ್ಲೂ ಸ್ಕ್ಯಾನರಿಗೆ ಒಂದು ಹೆಚ್ಚುಗಾರಿಕೆ ಇದೆ. ಒಳ್ಳೆಯ ಸ್ಕ್ಯಾನರ್‌ಗಳು ಇನ್‌ಫ್ರಾರೆಡ್ ಬೆಳಕನ್ನೂ ಹಾಯಿಸುತ್ತವೆ. ಕಲರ್ ಫಿಲ್ಮಿನ ಬಣ್ಣಗಳ ಮೂಲಕ ಅದು ಹಾದುಹೋಗುತ್ತದೆ, ಧೂಳು, ಗೀರುಗಳು ಅದನ್ನು ತಡೆಯುತ್ತವೆ. ಹೀಗೆ ಧೂಳು ಎಲ್ಲಿದೆ ಅಂತ ಯಂತ್ರಕ್ಕೇ ಗೊತ್ತಾಗಿ ಅಳಿಸಿಬಿಡುತ್ತದೆ. ಮಾಮೂಲಿ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯದು, ಬೆಳ್ಳಿಯೂ ಆ ಬೆಳಕನ್ನು ತಡೆಯುತ್ತದೆ, ಹಾಗಾಗಿ ಅಲ್ಲಿ ಈ ವಿದ್ಯೆ ನಡೆಯದು. ಕ್ಯಾಮೆರಾದಲ್ಲಿ ತೆಗೆಯುವವರಿಗೆ ಗಾಳಿ ಊದುವ ರಬ್ಬರ್ ಬ್ಲೋವರೇ ಗತಿ. ಕರ್ಚೀಫಿನಿಂದ ಒರೆಸಬೇಡಿ, ಗೀರು ಶಾಶ್ವತ. ಮಳೆಗಾಲದಲ್ಲಿ ಧೂಳು ಹಾರುವುದು ಕಮ್ಮಿ, ನಾನು ಆಷಾಢದಲ್ಲೇ ಈ ಕೆಲಸಕ್ಕೆ ಕೂರುತ್ತೇನೆ. ಹೊರಗೆ ಮಾಡಲು ಬೇರೆ ಕೆಲಸವೂ ಇರುವುದಿಲ್ಲ.

ಇನ್ನೊಂದು: ಫಿಲ್ಮನ್ನು ಮಗುಚಿ ಇಟ್ಟರೆ ಎಡ ಬಲ ಅದಲುಬದಲಾಗುತ್ತದೆ. ಅಂಚಿನ ಅಂಕಿ-ಅಕ್ಷರ ನೇರ ಓದುವ ಹಾಗಿದ್ದರೆ ಸರಿ. ನಮ್ಮತ್ತೆಯ ಮದುವೆ ಫೋಟೋದಲ್ಲಿ ಎಲ್ಲರೂ ಎಡಗೈಯಲ್ಲಿ ಅಕ್ಷತೆ ಹಾಕುತ್ತಿದ್ದಾಗ ನನಗೆ ಇದು ಹೊಳೆಯಿತು.

ಯಾರಿಗೆ ಯಾವುದು

ಕ್ಲಿಕ್ ಥ್ರೀಯ ಚೌಕದ ನೆಗೆಟಿವ್‌ಗಳೇ ಜಾಸ್ತಿ ಇದ್ದರೆ ಫ್ಲ್ಯಾಟ್‌ಬೆಡ್ ಸಾಕು, ಕ್ಯಾಮೆರಾ ಬೇಕಿಲ್ಲ. ಆ ಚಿತ್ರದ ಬದಿ ಸುಮಾರು 56 ಮಿಲಿಮೀಟರ್. 1500 ಡಿಪಿಐ ಸಿಕ್ಕರೂ 10 ಮೆಗಾಪಿಕ್ಸೆಲ್ ದಾಟುತ್ತದೆ. ಆ ಕ್ಯಾಮೆರಾದ ಸಾದಾ ಲೆನ್ಸಿಗೆ ಅದಕ್ಕಿಂತ ಹೆಚ್ಚು ಕಂಡಿರಲಾರದು.

35 ಎಂಎಂ ಕಲರ್ ಮಾತ್ರ ಇದೆ, ಕ್ಯಾಮೆರಾ ಹಿಡಿಯುವ ಆಸಕ್ತಿ ಇಲ್ಲ ಅನ್ನುವವರಿಗೆ ಪ್ಲಸ್ಟೆಕ್ ಆಪ್ಟಿಕ್‌ಫಿಲ್ಮ್ ತರಹದ ಫಿಲ್ಮ್ ಸ್ಕ್ಯಾನರ್ ಇದೆ. ವಿವರ ಫ್ಲ್ಯಾಟ್‌ಬೆಡ್ಡಿಗಿಂತ ಎಷ್ಟೋ ಚೆನ್ನಾಗಿ ಬರುತ್ತದೆ. ಒಂದೊಂದೇ ಫೋಟೋ ಕೈಯಿಂದ ತಳ್ಳಬೇಕು, ಒಂದೊಂದಕ್ಕೂ ನಿಮಿಷಗಟ್ಟಲೆ ಕಾಯಬೇಕು. ಸಾವಿರ ಫೋಟೋ ಇದ್ದರೆ ಯೋಚಿಸಿ. ಚೌಕದ ನೆಗೆಟಿವ್ ಇದರೊಳಗೆ ಹೋಗುವುದಿಲ್ಲ. ನಿಕಾನ್ ಕೂಲ್‌ಸ್ಕ್ಯಾನ್ ಒಳ್ಳೆಯದು ಅಂತ ಯಾರಾದರೂ ಹೇಳಿಯಾರು. ಒಳ್ಳೆಯದೇ, ಆದರೆ ಅದರ ತಯಾರಿಕೆ ನಿಂತು ಬಹಳ ವರ್ಷವಾಯಿತು. ಕೆಟ್ಟರೆ ಬಿಡಿಭಾಗ ಹುಡುಕಿಕೊಂಡು ಅಲೆಯಬೇಕು.

ನಾಲ್ಕೈದು ರೋಲಷ್ಟೇ ಇದ್ದರೆ ಏನನ್ನೂ ಕೊಳ್ಳಬೇಡಿ, ಲ್ಯಾಬಿಗೆ ಕೊಡಿ. ಕೊಡುವಾಗ ಎರಡು ಮಾತು ಬಾಯಿಬಿಟ್ಟು ಹೇಳಿ: ಫೈಲಿನ ಉದ್ದ ಎಷ್ಟು ಪಿಕ್ಸೆಲ್ ಬೇಕು, ಮತ್ತು ಪಟ್ಟಿಗಳನ್ನು ಕತ್ತರಿಸಬೇಡಿ. ನಾನು ಒಮ್ಮೆ ಹೇಳದೆ ಕೊಟ್ಟು, ಆರಾರು ಫೋಟೋದ ಪಟ್ಟಿಗಳು ಎರಡೆರಡು ಫೋಟೋದ ತುಂಡಾಗಿ ವಾಪಸ್ ಬಂದವು. ತುಂಡುಗಳು ಯಾವ ಹೋಲ್ಡರಿನಲ್ಲೂ ನೆಟ್ಟಗೆ ಕೂರುವುದಿಲ್ಲ.

ಮಕ್ಕಳು ಹೊರದೇಶದಲ್ಲಿದ್ದು, ಅಲ್ಲಿ ಸ್ಕ್ಯಾನ್ ಮಾಡುತ್ತೇವೆ ಅಂದರೆ ನೆಗೆಟಿವ್ ಕೊಟ್ಟು ಕಳಿಸಬಹುದು. ಏರ್‌ಪೋರ್ಟಿನ ಎಕ್ಸ್-ರೇಯಿಂದ ಕೆಡುವುದು ತೊಳೆಯದ ರೋಲು ಮಾತ್ರ. ತೊಳೆದ ನೆಗೆಟಿವಿಗೆ ಏನೂ ಆಗದು. ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ ಅಷ್ಟೇ, ಅದು ಕಳೆದರೆ ಎರಡನೇ ಪ್ರತಿ ಇಲ್ಲ.

ಉಳಿದಂತೆ ನೂರಾರು ನೆಗೆಟಿವ್ ಇದ್ದು, ಹೇಗೂ ಒಂದು ಕ್ಯಾಮೆರಾ ಬೇಕು ಅನ್ನುವವರಿಗೆ ನಾನು ಮೊದಲೇ ಹೇಳಿದ ದಾರಿ. ಸ್ಕ್ಯಾನ್ ಮುಗಿದ ಮೇಲೆ ಸ್ಕ್ಯಾನರನ್ನು ಮಾರಬೇಕು, ಕ್ಯಾಮೆರಾದಲ್ಲಿ ಮಗಳ ಹುಟ್ಟುಹಬ್ಬ ತೆಗೆಯಬಹುದು. ಮ್ಯಾಕ್ರೋ ಲೆನ್ಸ್ ಹಿತ್ತಲಿನ ಮಿಡತೆಗೆ ಆಗುತ್ತದೆ.

ರಾ ಫೈಲುಗಳನ್ನು ಅಳಿಸಬೇಡಿ. ಒಂದೊಂದು 25-30 ಎಂಬಿ, ರೋಲಿಗೆ ಒಂದು ಜಿಬಿ. ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ. ನೆಗೆಟಿವ್‌ಗಳನ್ನು ಎಸೆಯುವ ಮಾತೇ ಬೇಡ. ಪ್ಲಾಸ್ಟಿಕ್ ಜೇಬಿನಿಂದ ಬಿಡಿಸಿ, ಪಟ್ಟಿಗೊಂದು ಕಾಗದದ ಲಕೋಟೆ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ, ಅದೂ ನೆಗೆಟಿವ್ ಒಳಗೆ ಹಾಕುವ ಮೊದಲು. ನನ್ನ ಒಂದು ಲಕೋಟೆಯ ಮೇಲೆ "ತೀರ್ಥಹಳ್ಳಿ ಬಸ್ಸು, 1986" ಅಂತಿದೆ. ಪಕ್ಕದಲ್ಲಿ ಅಮ್ಮ ತಾನೇ ಪೆನ್ಸಿಲ್ ತೆಗೆದುಕೊಂಡು "ಶೃಂಗೇರಿ" ಅಂತ ಸೇರಿಸಿದ್ದಾಳೆ.